ಬ್ಯಾಟರಿ ದೋಟಿಗರಗಸ: ಬಳಕೆ ಮತ್ತು ಜೋಪಾನ

ಉದ್ದನೆಯ ಕೋಲಿನ ತುದಿಗೆ ಪುಟ್ಟ ಸರಪಣಿ ಗರಗಸ ಕೂರಿಸಿ, ಬ್ಯಾಟರಿಯಿಂದ ಓಡಿಸುವ ಕೈಯಂತ್ರವೇ ಬ್ಯಾಟರಿ ದೋಟಿಗರಗಸ. ನೆಲದ ಮೇಲೆ ನಿಂತೇ ಎತ್ತರದ ಕೊಂಬೆ ಸವರಲು ಇದು ಬಳಕೆಯಾಗುತ್ತದೆ. ಅಂಗಡಿಗಳಲ್ಲಿ ಪೋಲ್ ಸಾ, ಪೋಲ್ ಪ್ರೂನರ್ ಎಂಬ ಹೆಸರುಗಳಿಂದ ಮಾರಾಟವಾಗುತ್ತದೆ. ಸಾಮಾನ್ಯವಾಗಿ ಕೋಲಿನ ಉದ್ದ 2ರಿಂದ 4 ಮೀಟರ್, ಸರಪಣಿ ಸುತ್ತುವ ಬಾರ್‌ನ ಉದ್ದ 20ರಿಂದ 25 ಸೆಂಟಿಮೀಟರ್, ಬ್ಯಾಟರಿ ಸೇರಿ ತೂಕ 4ರಿಂದ 6 ಕಿಲೋ. ಕೈ ಎತ್ತಿ ಹಿಡಿದರೆ ನೆಲದಿಂದ 4–5 ಮೀಟರ್ ಎತ್ತರದ ಕೊಂಬೆ ಎಟುಕುತ್ತದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುನ್ನ ನೆರಳಿನ ಮರಗಳ ಕೊಂಬೆ ಸವರಿ ಬೆಳಕು ಬಿಡಿಸುವ ಕೆಲಸವಿದೆ. ಇದಕ್ಕೆ ಮರಗಸಿ ಅಥವಾ ಕಪಾತು ಎನ್ನುತ್ತಾರೆ. ಕತ್ತಿ ಸಿಕ್ಕಿಸಿಕೊಂಡು ಹಾಲುವಾಣ, ಸಿಲ್ವರ್ ಓಕ್ ಮರಗಳನ್ನೇರುವ ಕೆಲಸಗಾರರು ಬಿದ್ದು ಕೈಕಾಲು ಮುರಿದುಕೊಳ್ಳುವುದು, ಜೀವ ಕಳೆದುಕೊಳ್ಳುವುದು ಮಲೆನಾಡಿಗೆ ಹೊಸದಲ್ಲ. ಮರ ಹತ್ತುವವರ ಸಂಖ್ಯೆಯೂ ಕಡಿಮೆಯಾಗಿದೆ. ಕೆಳಗಿನ ಕೊಂಬೆಗಳ ಮಟ್ಟಿಗಾದರೂ ಮರ ಹತ್ತುವ ಅಗತ್ಯವನ್ನು ತಪ್ಪಿಸುವುದರಿಂದ ಈ ಯಂತ್ರ ನಿಜಕ್ಕೂ ಉಪಕಾರಿ. ಆದರೆ ಇದರೊಂದಿಗೆ ಬೇರೆ ಎರಡು ಅಪಾಯಗಳು ತೋಟಕ್ಕೂ ಮನೆಗೂ ಬಂದಿವೆ. ಒಂದು ತಲೆಯ ಮೇಲಿನ ವಿದ್ಯುತ್ ತಂತಿ, ಇನ್ನೊಂದು ಕೆಲಸ ಮುಗಿದ ಮೇಲೆ ಉಗ್ರಾಣದಲ್ಲಿಡುವ ಬ್ಯಾಟರಿ. ಖರೀದಿಸುವವರು ಸಾಮಾನ್ಯವಾಗಿ ಭಯಪಡುವುದು ತಿರುಗುವ ಸರಪಣಿಗೆ. ಅದು ಕೆಲಸಗಾರನಿಂದ ಎರಡು ಮಾರು ದೂರದಲ್ಲಿರುತ್ತದೆ. ಅದಕ್ಕಿಂತ ತಂತಿಗೂ ಬ್ಯಾಟರಿಗೂ ಕೊಡಬೇಕಾದ ಗಮನವೇ ಹೆಚ್ಚು.

ಹಿನ್ನೆಲೆ

ಆರಂಭದ ಸರಪಣಿ ಗರಗಸಗಳಲ್ಲಿ ವಿದ್ಯುತ್ತಿನಿಂದ ಓಡುವವೂ ಇದ್ದವು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಇಬ್ಬರು ಹಿಡಿದು ನಡೆಸಬೇಕಾದ ವಿದ್ಯುತ್ ಗರಗಸ ತಯಾರಿಸಿದ. 1929ರಲ್ಲಿ ಆತನ ಪೆಟ್ರೋಲ್ ಗರಗಸ ಬಂತು. ಸರಪಣಿಯ ಹಲ್ಲಿಗೆ ಇಂದಿನ ರೂಪ ಬಂದದ್ದು ಅಮೆರಿಕದ ಒರೆಗಾನ್ ರಾಜ್ಯದ ಮರಕಡಿಯುವವ ಜೋಸೆಫ್ ಕಾಕ್ಸ್‌ನಿಂದ. 1946ರಲ್ಲಿ ಆತ ಮರದ ಬುಡವೊಂದರಲ್ಲಿ ದುಂಬಿಯ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆಯಾಡಿಸುತ್ತ ಗಟ್ಟಿ ಮರವನ್ನು ಕೊರೆದುಕೊಂಡು ಹೋಗುವುದನ್ನು ನೋಡಿದ. ಎಡ–ಬಲ ಸರದಿಯಲ್ಲಿ ಕೊಕ್ಕೆಯಂತೆ ಬಾಗಿದ ಹಲ್ಲುಗಳಿರುವ ಸರಪಣಿ ಮಾಡಿದ. ಇಂದಿನ ದೋಟಿಗರಗಸದ ಸರಪಣಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅದೇ ವಿನ್ಯಾಸ ಕಾಣುತ್ತದೆ: ಒಂದು ಹಲ್ಲು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆ, ಎಷ್ಟು ಆಳ ಕಚ್ಚಬೇಕೆಂದು ತಡೆಯುವ ಸಣ್ಣ ಗುಬ್ಬಿಯೂ ಇರುತ್ತದೆ.

ಯಂತ್ರವನ್ನು ತಂತಿಯಿಂದ ಬಿಡಿಸಿದ್ದು ಲಿಥಿಯಂ ಅಯಾನ್ ಬ್ಯಾಟರಿ. ಸೋನಿ ಸಂಸ್ಥೆ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಸಂದಿತು.

ರಚನೆ

ಯಂತ್ರದ ತಲೆಯಲ್ಲಿ ಬಾರ್, ಸರಪಣಿ, ಎಣ್ಣೆಯ ಪುಟ್ಟ ಡಬ್ಬಿ ಇರುತ್ತವೆ. ಹಲವು ಮಾದರಿಗಳಲ್ಲಿ ಮೋಟಾರೂ ಅಲ್ಲಿಯೇ ಇರುತ್ತದೆ. ಹಿಡಿಯ ತುದಿಯಲ್ಲಿ ಬ್ಯಾಟರಿ, ಅದರ ಮುಂದೆ ಗುಂಡಿ. ತಡೆಗುಂಡಿಯನ್ನು ಮೊದಲು ಒತ್ತಿಹಿಡಿಯದೆ ಓಡುವ ಗುಂಡಿ ಕೆಲಸ ಮಾಡದಂತೆ ವ್ಯವಸ್ಥೆಯಿದೆ. ಈ ತಡೆಗುಂಡಿಗೆ ದಾರ ಸುತ್ತಿ ಶಾಶ್ವತವಾಗಿ ಒತ್ತಿಡುವ ಅಭ್ಯಾಸ ಕೆಲವರಲ್ಲಿದೆ. ಅದನ್ನು ಯಾವ ಕಾರಣಕ್ಕೂ ಮಾಡಕೂಡದು. ಕೈಯಲ್ಲಿ ಹಿಡಿಯುವ ಸರಪಣಿ ಗರಗಸದಲ್ಲಿರುವಂಥ ಬ್ರೇಕು ದೋಟಿಗರಗಸದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗುಂಡಿ ಬಿಟ್ಟ ಮೇಲೂ ಸರಪಣಿ ಕ್ಷಣಕಾಲ ಓಡುತ್ತದೆ. ಕೋಲಿನ ಮೇಲೆ ಜೋಡಿಸುವ ಗರಗಸಗಳ ಸುರಕ್ಷತೆಗೆ ಐಎಸ್‌ಒ 11680 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಬ್ಯಾಟರಿಯ ಮೇಲಿನ ವೋಲ್ಟ್ ಸಂಖ್ಯೆ ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ. ಒಂದು ಲಿಥಿಯಂ ಕೋಶದ ಸರಾಸರಿ ಒತ್ತಡ 3.6 ವೋಲ್ಟ್, ಪೂರ್ತಿ ತುಂಬಿದಾಗ ಸುಮಾರು 4.2. ಐದು ಕೋಶಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್. ಅದನ್ನೇ ತುಂಬಿದ ಲೆಕ್ಕಕ್ಕೆ ಹತ್ತಿರವಾಗಿ ‘20 ವೋಲ್ಟ್ ಮ್ಯಾಕ್ಸ್’ ಎಂದು ಮಾರುತ್ತಾರೆ. 36 ಮತ್ತು ‘40 ಮ್ಯಾಕ್ಸ್’ ಕೂಡ ಹೀಗೆಯೇ ಒಂದೇ. ಕೊಳ್ಳುವಾಗ ನೋಡಬೇಕಾದ್ದು ವೋಲ್ಟನ್ನು ಆಂಪಿಯರ್ ಗಂಟೆಯಿಂದ ಗುಣಿಸಿದರೆ ಬರುವ ವ್ಯಾಟ್ ಗಂಟೆಯನ್ನು. 36 ವೋಲ್ಟಿನ 4 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 144 ವ್ಯಾಟ್ ಗಂಟೆ ಶಕ್ತಿಯಿದೆ. ಮೋಟಾರು 500 ವ್ಯಾಟ್ ಎಳೆದರೆ ಎಡೆಬಿಡದ ಕೊಯ್ತ ಸುಮಾರು 17 ನಿಮಿಷ. ನಡುನಡುವೆ ನಿಂತು, ಕೊಂಬೆ ಎಳೆದು ಹಾಕಿ ಮಾಡುವ ಕೆಲಸದಲ್ಲಿ ಅದು ಒಂದು ಗಂಟೆಗೂ ಮಿಕ್ಕಿ ಬರಬಹುದು.

ವಿದ್ಯುತ್ ತಂತಿ

ಈ ಯಂತ್ರದಿಂದ ಸಾವು ಬರುವ ದೊಡ್ಡ ದಾರಿಗಳಲ್ಲಿ ತಲೆಯ ಮೇಲಿನ ತಂತಿಯೂ ಒಂದು. ಬ್ಯಾಟರಿಯಿಂದ ಓಡುವ ಉಪಕರಣಕ್ಕೆ ಕರೆಂಟಿನ ಭಯವಿಲ್ಲ ಎಂಬ ಭಾವನೆ ಸಹಜವಾಗಿ ಬಂದುಬಿಡುತ್ತದೆ. ಆದರೆ ಕೈಯಲ್ಲಿರುವುದು ಮೂರು ಮೀಟರ್ ಉದ್ದದ ಲೋಹದ ಕೋಲು. ಕರ್ನಾಟಕದ ತೋಟಗಳ ನಡುವೆ ಹಾದುಹೋಗುವ 11 ಕಿಲೋವೋಲ್ಟ್ ಮಾರ್ಗದ ತಂತಿಗಳಿಗೆ ಹೆಚ್ಚಿನ ಕಡೆ ಯಾವ ಹೊದಿಕೆಯೂ ಇಲ್ಲ. ಕೋಲು ತಂತಿಗೆ ತಗುಲಿದರೆ, ಇಲ್ಲವೇ ಕೊಯ್ದ ಹಸಿ ಕೊಂಬೆ ಒಂದು ಕಡೆ ತಂತಿಗೂ ಇನ್ನೊಂದು ಕಡೆ ಬಾರ್‌ಗೂ ತಾಗಿದರೆ, ವಿದ್ಯುತ್ತು ಕೋಲಿನಿಂದ ಕೈಗೆ, ಮೈಯಿಂದ ನೆಲಕ್ಕೆ ಹರಿಯುತ್ತದೆ. ಮೇ ತಿಂಗಳ ಮಳೆಗೆ ನೆನೆದ ನೆಲದಲ್ಲಿ ಬರಿಗಾಲಲ್ಲಿ ನಿಂತವನಿಗೆ ಉಳಿಗಾಲವಿಲ್ಲ.

ಕೋಲು ಯಾವುದರಿಂದ ಆಗಿದೆ ಎಂಬುದು ಇಲ್ಲಿ ಮುಖ್ಯ. ಅಲ್ಯೂಮಿನಿಯಂ ಒಳ್ಳೆಯ ವಾಹಕ. ಅಡಿಕೆ ಕೊನೆ ತೆಗೆಯಲು, ಔಷಧಿ ಹೊಡೆಯಲು ಈಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರವಾಗಿದ್ದು ನೋಡಲು ಪ್ಲಾಸ್ಟಿಕ್ಕಿನಂತಿರುವುದರಿಂದ, ಅದರಲ್ಲಿ ಕರೆಂಟು ಹರಿಯುವುದಿಲ್ಲವೆಂದು ನಂಬಿದವರಿದ್ದಾರೆ. ಈ ನಂಬಿಕೆ ಪೂರ್ತಿ ತಪ್ಪು. ಕಾರ್ಬನ್ ಎಳೆಗಳು ವಿದ್ಯುತ್ತನ್ನು ಹರಿಯಬಿಡುತ್ತವೆ. ಗಾಜಿನ ಎಳೆಯ ಫೈಬರ್‌ಗ್ಲಾಸ್ ಕೋಲು ಒಣಗಿ ಶುಭ್ರವಾಗಿದ್ದಾಗ ತಡೆಯುತ್ತದೆಯಾದರೂ ಧೂಳು, ಎಣ್ಣೆ, ನೀರು ಮೆತ್ತಿದಾಗ ಅದನ್ನೂ ನೆಚ್ಚುವಂತಿಲ್ಲ. ಪರೀಕ್ಷೆಗೊಳಪಟ್ಟು ನಿರೋಧಕವೆಂದು ಪ್ರಮಾಣಿತವಾದ ಕೋಲನ್ನು ಬಿಟ್ಟು ಬೇರೆ ಯಾವುದನ್ನೂ ನಿರೋಧಕವೆಂದು ಎಣಿಸಬಾರದು. ಮನೆಬಳಕೆಗೆ ಮಾರುವ ದೋಟಿಗರಗಸಗಳು ಅಂಥವಲ್ಲ.

ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ 50 ಕಿಲೋವೋಲ್ಟ್‌ವರೆಗಿನ ತಂತಿಗಳಿಂದ ಸಾಮಾನ್ಯ ಕೆಲಸಗಾರ ಕನಿಷ್ಠ 10 ಅಡಿ, ಅಂದರೆ ಸುಮಾರು 3 ಮೀಟರ್ ದೂರವಿರಬೇಕೆನ್ನುತ್ತದೆ. ಯಂತ್ರ ತಯಾರಕರು ಇನ್ನೂ ಹೆಚ್ಚು ಕೇಳುತ್ತಾರೆ: ಹಲವರ ಕೈಪಿಡಿಗಳಲ್ಲಿ ಅದು 10ರಿಂದ 15 ಮೀಟರ್. ಈ ಅಂತರವನ್ನು ಮನುಷ್ಯನಿಂದ ಅಳೆಯದೆ, ಗರಗಸದ ತುದಿಯಿಂದ ಮತ್ತು ಬೀಳಲಿರುವ ಕೊಂಬೆಯ ತುದಿಯಿಂದ ಅಳೆಯಬೇಕು. ಗಾಳಿಗೆ ತಂತಿಯೂ ಜೋಲುತ್ತದೆ, ಕೊಂಬೆಯೂ ತೂಗುತ್ತದೆ. ಕೊಂಬೆ ತಂತಿಯ ಹತ್ತಿರವಿದ್ದರೆ ಆ ಕೆಲಸ ತೋಟದ ಮಾಲೀಕನದಲ್ಲ. ವಿದ್ಯುತ್ ಕಂಪನಿಗೆ 1912 ಸಂಖ್ಯೆಯಲ್ಲಿ ತಿಳಿಸಿ, ಮಾರ್ಗವನ್ನು ಅವರೇ ನಿಲ್ಲಿಸಿ ಖಚಿತಪಡಿಸಿದ ಮೇಲಷ್ಟೇ ಕೆಲಸವಾಗಬೇಕು. ಲೋಡ್ ಶೆಡ್ಡಿಂಗ್ ಸಮಯ ನೋಡಿಕೊಂಡು ಕೊಂಬೆ ಸವರುವ ಪದ್ಧತಿ ಹಳ್ಳಿಗಳಲ್ಲಿದೆ. ಆದರೆ ಹೋದ ಕರೆಂಟು ಯಾವ ಕ್ಷಣದಲ್ಲೂ ಮರಳಬಹುದು, ನೆರೆಮನೆಯ ಜನರೇಟರ್‌ನಿಂದ ತಂತಿಗೆ ಹಿಮ್ಮುಖವಾಗಿಯೂ ಹರಿಯಬಹುದು.

ಒಂದು ವೇಳೆ ಕೋಲು ತಂತಿಗೆ ತಗುಲಿದರೆ ಜೊತೆಗಿರುವವರು ಆತನನ್ನಾಗಲಿ ಕೋಲನ್ನಾಗಲಿ ಮುಟ್ಟಬಾರದು. ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ ಸುತ್ತಲಿನ ನೆಲದಲ್ಲೂ ವಿದ್ಯುತ್ ಒತ್ತಡವಿರುತ್ತದೆ. ಅಲ್ಲಿಂದ ಹೊರಬರುವಾಗ ದಾಪುಗಾಲು ಹಾಕದೆ, ಎರಡೂ ಪಾದಗಳನ್ನು ಒತ್ತೊತ್ತಾಗಿಟ್ಟು ನೆಲದಿಂದ ಎತ್ತದೆ ಜರುಗಬೇಕು.

ಕೊಯ್ಯುವ ಕ್ರಮ

ಯಂತ್ರ ಎತ್ತುವ ಮೊದಲು ಮರದ ಸುತ್ತ ಒಂದು ಸುತ್ತು ಬಂದು ಮೇಲೆ ನೋಡುವುದು ಒಳ್ಳೆಯ ಕೆಲಸಗಾರರ ರೂಢಿ. ತಂತಿಯ ನಂತರ ಹುಡುಕಬೇಕಾದ್ದು ಹೆಜ್ಜೇನು. ದೊಡ್ಡ ಮರಗಳ ಅಡ್ಡಗೊಂಬೆಯ ಅಡಿಯಲ್ಲಿ ಬಯಲಿಗೇ ಗೂಡು ಕಟ್ಟುವ ಈ ಜೇನು ಕೊಂಬೆಯ ಅದುರಿಗೆ ರೇಗಿ ಹಿಂಡಾಗಿ ಎರಗುತ್ತದೆ. ದೋಟಿ ಹಿಡಿದವನು ಅಷ್ಟು ಭಾರ ಬಿಸುಟು ಓಡುವ ಹೊತ್ತಿಗೆ ತಡವಾಗಿರುತ್ತದೆ. ಕಣಜದ ಗೂಡು, ಎಲೆ ಹೆಣೆದ ಚಗಳಿಯ ಕೊಟ್ಟೆ, ಮರಿಗಳಿರುವ ಹಕ್ಕಿಗೂಡು ಇದ್ದ ಕೊಂಬೆಯನ್ನು ಆ ದಿನಕ್ಕೆ ಬಿಟ್ಟುಬಿಡಬೇಕು. ಮೊದಲೇ ಮುರಿದು ನೇತಾಡುವ ಒಣ ಕೊಂಬೆ ಅದುರಿಗೆ ತಾನಾಗಿ ಉದುರಬಹುದು. ಮಳೆಯಲ್ಲಿ, ಜೋರು ಗಾಳಿಯಲ್ಲಿ ಕೆಲಸ ಬೇಡ.

ಕೋಲನ್ನು ನೆಲಕ್ಕೆ 60 ಡಿಗ್ರಿಗಿಂತ ಕಡಿದಾಗಿ ಎತ್ತಬಾರದೆಂಬುದು ತಯಾರಕರ ಸಾಮಾನ್ಯ ನಿಯಮ. 3 ಮೀಟರಿನ ಕೋಲನ್ನು 60 ಡಿಗ್ರಿಗೆ ಹಿಡಿದರೆ ಕೊಯ್ಯುವ ಜಾಗ ಕೈಯಿಂದ ಒಂದೂವರೆ ಮೀಟರ್ ಮುಂದಕ್ಕಿರುತ್ತದೆ. ನೆಟ್ಟಗೆ ಎತ್ತಿದಷ್ಟೂ ಆ ದೂರ ಕರಗಿ ಕೊಂಬೆ ನೆತ್ತಿಯ ಮೇಲೆಯೇ ಬರುತ್ತದೆ. 10 ಕಿಲೋ ತೂಕದ ಕೊಂಬೆ 4 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್. ಅದು ನೇರವಾಗಿಯೂ ಬೀಳುವುದಿಲ್ಲ. ಎಲೆ ತುಂಬಿದ ತುದಿ ಮೊದಲು ನೆಲಕ್ಕೆ ಊರಿ, ಕೊಯ್ದ ಬುಡ ಕೆಲಸಗಾರನತ್ತ ಚಿಮ್ಮಬಹುದು. ಕೋಲಿನ ಗುಂಟ ಜಾರಿಕೊಂಡು ನೇರವಾಗಿ ಕೈಯ ಕಡೆಗೇ ಬರಬಹುದು. ಆದ್ದರಿಂದ ಕೊಂಬೆಯ ಅಡಿಯಲ್ಲಿ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಹಿಂದೆ ಸರಿಯುವ ದಾರಿಯನ್ನು ಮೊದಲೇ ಸವರಿಟ್ಟುಕೊಳ್ಳಬೇಕು. ಕಾಫಿ ಗಿಡಗಳ ನಡುವೆ, ಅಗೆದ ಬುಡಗಳ ನಡುವೆ ಎಡವದೆ ಹಿಂದೆ ಸರಿಯುವುದು ಅಷ್ಟು ಸುಲಭವಲ್ಲ. ಉಳಿದವರು, ಮುಖ್ಯವಾಗಿ ಸೊಪ್ಪು ಎಳೆಯಲು ಕಾದಿರುವವರು ಮತ್ತು ಮಕ್ಕಳು, 15 ಮೀಟರ್ ಆಚೆಗಿರಬೇಕು.

ಏಣಿಯ ಮೇಲೆ, ಮರದ ಕವಲಿನ ಮೇಲೆ, ಜೀಪಿನ ಟಾಪಿನ ಮೇಲೆ ನಿಂತು ದೋಟಿಗರಗಸ ಬಳಸುವಂತಿಲ್ಲ. ಎಟುಕದಿದ್ದರೆ ಆ ಕೊಂಬೆ ಈ ಯಂತ್ರದ್ದಲ್ಲ.

ಉದ್ದದ ಕೊಂಬೆಯನ್ನು ಒಂದೇ ಏಟಿಗೆ ಬುಡದಲ್ಲಿ ಕೊಯ್ಯದೆ ತುದಿಯಿಂದ ಬುಡದತ್ತ ತುಂಡುತುಂಡಾಗಿ ಇಳಿಸುತ್ತ ಬರಬೇಕು. ಭಾರ ಕಡಿಮೆಯಾದಂತೆ ಸಿಗಿದುಕೊಳ್ಳುವ ಅಪಾಯವೂ ಕಡಿಮೆಯಾಗುತ್ತದೆ. ಕೊನೆಗುಳಿದ ಮೋಟಿಗೆ ಮೊದಲು ಅಡಿಯಿಂದ ಕೊಂಬೆಯ ದಪ್ಪದ ಕಾಲು ಭಾಗದಷ್ಟು ಕಚ್ಚು ಹಾಕಿ, ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ಯುತ್ತಾರೆ. ಅಡಿಗಚ್ಚು ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಇಳಿಯುತ್ತದೆ. ಅಡಿಗಚ್ಚು ಆಳವಾದರೆ ಕೊಂಬೆಯ ಭಾರಕ್ಕೆ ಬಾಯಿ ಮುಚ್ಚಿಕೊಂಡು ಬಾರ್ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದಾಗ ಗುಂಡಿ ಒತ್ತುತ್ತಲೇ ಜಗ್ಗಬಾರದು. ನಿಲ್ಲಿಸಿ, ಬ್ಯಾಟರಿ ಕಳಚಿ, ಇನ್ನೊಂದು ಕೊಕ್ಕೆಕೋಲಿನಿಂದ ಕೊಂಬೆಯನ್ನು ಎತ್ತಿ ಬಿಡಿಸಿಕೊಳ್ಳಬೇಕು. ಸರಪಣಿ ಪೂರ್ಣ ವೇಗಕ್ಕೆ ಬಂದ ಮೇಲೆ ಕೊಂಬೆಗೆ ತಾಗಿಸಿ, ಯಂತ್ರದ ತೂಕವೇ ಕೊಯ್ಯುವಂತೆ ಬಿಟ್ಟರೆ ಸಾಕು. ಬಾರ್‌ನ ಮೂತಿ ಪಕ್ಕದ ಕೊಂಬೆಗೆ ತಗುಲಿದರೆ ತಲೆ ಹಿಂದಕ್ಕೆ ಎಗರುತ್ತದೆ, ಕೋಲು ಕೈಯಲ್ಲಿ ಒದೆಯುತ್ತದೆ. ಒಂದೇ ಕೈಯಲ್ಲಿ ಹಿಡಿಯಬಾರದೆನ್ನುವುದು ಇದಕ್ಕೇ.

ಮರದ ಹಿತವೂ ಇಲ್ಲಿ ಸೇರಿದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಸಸ್ಯರೋಗ ತಜ್ಞ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಗಾಯಗಳನ್ನು ಅಧ್ಯಯನ ಮಾಡಿ, ಮರ ತನ್ನ ಗಾಯವನ್ನು ಪ್ರಾಣಿಗಳಂತೆ ಮಾಯಿಸಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿಕೊಂಡು ಕೊಳೆತವನ್ನು ಒಳಗೇ ಬಂಧಿಸುತ್ತದೆ ಎಂದು ತೋರಿಸಿದ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳು ಕಾಣುತ್ತದೆ. ಹಲಸು, ಮಾವುಗಳಲ್ಲಿ ಕೈಯಾಡಿಸಿದರೂ ತಿಳಿಯುವಷ್ಟು ಸ್ಪಷ್ಟ. ಗೋಡೆ ಕಟ್ಟುವ ಜೀವಕೋಶಗಳಿರುವುದು ಆ ಕೊರಳಿನಲ್ಲಿ. ಕಾಂಡಕ್ಕೆ ನುಣ್ಣಗೆ ಸವರಿದರೆ ಕೊರಳೇ ಹೋಗಿ ಕೊಳೆತ ಒಳಗಿಳಿಯುತ್ತದೆ, ಉದ್ದ ಮೋಟು ಬಿಟ್ಟರೆ ಅದು ಒಣಗಿ ಗೆದ್ದಲಿಗೆ ದಾರಿಯಾಗುತ್ತದೆ. ಕೊರಳಿನ ಹೊರ ಅಂಚಿಗೆ ಸರಿಯಾಗಿ ಕೊಯ್ಯುವುದೇ ಸರಿ. ನೆಲದಿಂದ ನಾಲ್ಕು ಮೀಟರ್ ಮೇಲೆ ಈ ನಿಖರತೆ ಕಷ್ಟ. ಕಾಳುಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಇನ್ನೂ ಕಷ್ಟ. ಇಡೀ ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿಯ ನಿಯಮಗಳಿವೆ. ನಗರದಲ್ಲಿ ರಸ್ತೆ ಬದಿಯ ಮರಕ್ಕೆ ಗರಗಸ ತಾಗಿಸುವ ಮುನ್ನ ವೃಕ್ಷಾಧಿಕಾರಿಯನ್ನು ಕೇಳಬೇಕು.

ಮೈಗೆ ಬೇಕಾದ ರಕ್ಷಣೆ ದುಬಾರಿಯದಲ್ಲ. ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್, ಕನ್ನಡಕ, ಕೈಗವಸು, ಹಿಡಿತವಿರುವ ಬೂಟು ಇವಿಷ್ಟೂ ಬೇಕು. ಮೇಲೆ ನೋಡುತ್ತ ಕೊಯ್ಯುವುದರಿಂದ ಮರದ ಪುಡಿ ನೇರ ಕಣ್ಣಿಗೇ ಬೀಳುತ್ತದೆ. ಕನ್ನಡಕ ಬಿಟ್ಟು ಯಾರೂ ಕೆಲಸ ಮಾಡಬಾರದು. ಪಂಚೆ, ದುಪಟ್ಟಾ ಬೇಡ. ದಣಿವಿನ ಲೆಕ್ಕವನ್ನೂ ಇಟ್ಟುಕೊಳ್ಳಬೇಕು: ಮುಂದಿನ ಕೈಯಿಂದ 2.5 ಮೀಟರ್ ದೂರದಲ್ಲಿ 1.5 ಕಿಲೋದ ತಲೆಯನ್ನು ಅಡ್ಡಕ್ಕೆ ಹಿಡಿದಾಗ, 60 ಸೆಂಟಿಮೀಟರ್ ಹಿಂದಿರುವ ಇನ್ನೊಂದು ಕೈ 6 ಕಿಲೋಗೂ ಹೆಚ್ಚಿನ ಬಲದಿಂದ ಕೆಳಕ್ಕೆ ಒತ್ತಬೇಕಾಗುತ್ತದೆ. ಹಿಂದಿರುವ ಬ್ಯಾಟರಿಯ ತೂಕ ಸ್ವಲ್ಪ ನೆರವಾಗುತ್ತದೆ, ಹೆಗಲಪಟ್ಟಿ ಇನ್ನಷ್ಟು. ಹತ್ತು–ಹದಿನೈದು ನಿಮಿಷಕ್ಕೊಮ್ಮೆ ಕೆಳಗಿಟ್ಟು ಕತ್ತು ನೀವಿಕೊಳ್ಳುವುದು ಸೋಮಾರಿತನವಲ್ಲ.

ಸರಪಣಿ ಮತ್ತು ಎಣ್ಣೆ

ಯಂತ್ರಕ್ಕೆ ಕೈಹಚ್ಚುವ ಯಾವ ಕೆಲಸಕ್ಕೂ ಮೊದಲ ಹೆಜ್ಜೆ ಬ್ಯಾಟರಿ ಕಳಚುವುದು. ಹೊಸ ಸರಪಣಿ ಮೊದಲ ದಿನವೇ ಹಿಗ್ಗುತ್ತದೆ. ತಣ್ಣಗಿರುವಾಗ ಬಾರ್‌ನ ನಡುವೆ ಎಳೆದು ನೋಡಿದರೆ ಅಡಿಯ ಹಲ್ಲುಗಳು ಬಾರ್ ಅಂಚಿನ ಸೀಳಿನಿಂದ ಪೂರ್ತಿ ಹೊರಬರಬಾರದು, ಬಿಟ್ಟೊಡನೆ ಒಳಸೇರಬೇಕು, ಕೈಯಿಂದ ಸುಲಭವಾಗಿ ಜರುಗಬೇಕು. ಬಿಸಿ ಸರಪಣಿಯನ್ನು ಬಿಗಿದಿಟ್ಟರೆ ಆರಿದಾಗ ಕುಗ್ಗಿ ಬಾರ್ ಮತ್ತು ಬೇರಿಂಗಿಗೆ ಪೆಟ್ಟಾಗುತ್ತದೆ. ಹರಿತ ಹೋದ ಸರಪಣಿ ಸಿಪ್ಪೆಯ ಬದಲು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಈ ಚಿಕ್ಕ ಸರಪಣಿಗಳಿಗೆ ಹೆಚ್ಚಾಗಿ 4 ಮಿಲಿಮೀಟರಿನ ದುಂಡು ಅರ ಹೊಂದುತ್ತದೆ.

ಹಲವು ತೋಟಗಳಲ್ಲಿ ಟ್ರ್ಯಾಕ್ಟರಿನಿಂದ ಇಳಿಸಿದ ಹಳೇ ಇಂಜಿನ್ ಎಣ್ಣೆಯನ್ನೇ ಸರಪಣಿಗೆ ಹಾಕುತ್ತಾರೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ಸರಪಣಿಯಿಂದ ಸಿಡಿದ ಹನಿ ಕೊಯ್ಯುವವನ ಮುಖಕ್ಕೆ, ಕೆಳಗಿನ ಬೆಳೆಗೆ, ಬಾವಿಯ ನೀರಿಗೆ ಸೇರುತ್ತದೆ. ಸಸ್ಯಜನ್ಯ ಎಣ್ಣೆ ಮಣ್ಣಿಗೆ ಒಳ್ಳೆಯದು, ಆದರೆ ತಿಂಗಳುಗಟ್ಟಲೆ ಬಿಟ್ಟರೆ ಅಂಟಾಗಿ ಗಟ್ಟಿಕಟ್ಟಿ ಎಣ್ಣೆಯ ದಾರಿ ಮುಚ್ಚುತ್ತದೆ. ಮಳೆಗಾಲಕ್ಕೆ ಎತ್ತಿಡುವ ಮೊದಲು ಡಬ್ಬಿ ಖಾಲಿಮಾಡಿ, ಬಾರ್ ಕಳಚಿ ಸೀಳಿನಲ್ಲಿ ತುಂಬಿದ ಪುಡಿ ಕೆರೆದು, ಸರಪಣಿಗೆ ತೆಳುವಾಗಿ ಎಣ್ಣೆ ಸವರಿ, ಒರೆ ತೊಡಿಸಿ, ಕೋಲನ್ನು ಅಡ್ಡಕ್ಕೆ ಗೂಟದ ಮೇಲೆ ಮಲಗಿಸಬೇಕು. ಗೋಡೆಗೆ ಒರಗಿಸಿ ನಿಲ್ಲಿಸಿದ ದೋಟಿ ಜಾರಿ ಬಿದ್ದರೆ ಕೆಳಗಿದ್ದ ಮಗುವಿನ ಗತಿಯೇನು ಎಂದು ಯೋಚಿಸಿದರೆ ಸಾಕು.

ಬ್ಯಾಟರಿಯ ಜೋಪಾನ

ಲಿಥಿಯಂ ಬ್ಯಾಟರಿಯ ಒಳಗಿನ ದ್ರವ ಬೆಂಕಿಗೆ ಹೊತ್ತಿಕೊಳ್ಳುವಂಥದು. ಎರಡು ಧ್ರುವಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರೆ. ಪೆಟ್ಟಿನಿಂದ, ಅತಿಯಾಗಿ ತುಂಬಿಸುವುದರಿಂದ, ಬಿಸಿಯಿಂದ ಆ ಪರೆ ಕೆಟ್ಟರೆ ಒಳಗೇ ಶಾರ್ಟ್ ಆಗಿ ಕಾವೇರುತ್ತದೆ. ಕಾವು ರಾಸಾಯನಿಕ ಕ್ರಿಯೆಯನ್ನು ಹೆಚ್ಚಿಸಿ, ಅದು ಮತ್ತೆ ಕಾವನ್ನು ಹೆಚ್ಚಿಸಿ, ಕೋಶದಿಂದ ಕೋಶಕ್ಕೆ ಹಬ್ಬುತ್ತದೆ. ಒಳ್ಳೆಯ ಬ್ಯಾಟರಿಗಳಲ್ಲಿ ಇದನ್ನು ತಡೆಯುವ ನಿಯಂತ್ರಣ ಫಲಕವಿರುತ್ತದೆ. ಅಗ್ಗದ ನಕಲಿಗಳಲ್ಲಿ ಅದು ಇರುವ ಖಾತರಿಯಿಲ್ಲ.

ಆದ್ದರಿಂದ ಚಾರ್ಜ್ ಮಾಡುವ ಜಾಗ ಮುಖ್ಯ. ಸಿಮೆಂಟು ಅಥವಾ ಕಲ್ಲಿನ ನೆಲ, ಸುತ್ತ ಉರಿಯುವ ವಸ್ತುವಿಲ್ಲದ ಗಾಳಿಯಾಡುವ ಮೂಲೆ, ಎಚ್ಚರವಾಗಿರುವ ಹೊತ್ತು. ಒಣ ಅಡಿಕೆ ತುಂಬಿದ ಅಟ್ಟ, ಹುಲ್ಲುಮನೆ, ಕಾಫಿ ಚೀಲಗಳ ಗೋದಾಮು ಇದಕ್ಕೆ ತಕ್ಕ ಸ್ಥಳಗಳಲ್ಲ. ಮಲೆನಾಡಿನ ಮನೆಗಳಲ್ಲಿ ಪ್ಲಗ್ ಪಾಯಿಂಟು ಅಲ್ಲಿಯೇ ಇದೆಯೆಂಬ ಕಾರಣಕ್ಕೆ ಅಲ್ಲಿಯೇ ಸಿಕ್ಕಿಸಿಡುವುದು ಬಹಳ ಕಡೆ ನಡೆದಿದೆ. ಏಪ್ರಿಲ್–ಮೇ ಗುಡುಗಿನ ಸಂಜೆಗಳಲ್ಲಿ ಚಾರ್ಜರನ್ನು ಗೋಡೆಯಿಂದ ಕೀಳಬೇಕು. ಸಾಮಾನ್ಯವಾಗಿ 5ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡಬಹುದು. ಕೆಲಸದಿಂದ ಬಿಸಿಯಾಗಿ ಬಂದ ಬ್ಯಾಟರಿ ಅರ್ಧ ಗಂಟೆ ಆರಲಿ. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ಬಿಡಬಾರದು. ಮೊಳೆ, ತಂತಿ, ಸ್ಪ್ಯಾನರ್ ಇರುವ ಪೆಟ್ಟಿಗೆಗೆ ಎಸೆದರೆ ಲೋಹ ಎರಡು ತುದಿಗಳನ್ನು ಸೇರಿಸಿ ಕಿಡಿ ಹಾರೀತು.

ತಿಂಗಳುಗಟ್ಟಲೆ ಇಡುವಾಗ ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಬರಿದು ಮಾಡಿಯೂ ಇಡಬಾರದು. ತುಂಬಿದ ಕೋಶ ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ. ಬರಿದಾದದ್ದು ತಾನಾಗಿ ಇನ್ನೂ ಇಳಿದು, ಒಳಗಿನ ತಾಮ್ರ ಕರಗಿ, ಮುಂದೆ ಚಾರ್ಜ್ ಮಾಡುವಾಗ ಅಪಾಯ ತರುತ್ತದೆ. 40ರಿಂದ 60 ಶೇಕಡಾ, ಅಂದರೆ ನಾಲ್ಕು ದೀಪಗಳಲ್ಲಿ ಎರಡು ಉರಿಯುವ ಮಟ್ಟ ಸರಿ. ಯಂತ್ರದಿಂದ ಬೇರ್ಪಡಿಸಿ, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೂ ಇಲಿಗಳ ಹಲ್ಲಿಗೂ ಸಿಗದಂತೆ ಇಟ್ಟು ಮೂರು ತಿಂಗಳಿಗೊಮ್ಮೆ ದೀಪ ನೋಡಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವದಲ್ಲಿ ಬ್ಯಾಟರಿಯ ತುದಿಗಳು ಹಸಿರುಗಟ್ಟುವುದುಂಟು. ಒಣಬಟ್ಟೆಯಿಂದ ಒರೆಸಿಡಬೇಕು.

ಉಬ್ಬಿದ, ಬಿರುಕುಬಿಟ್ಟ, ನೀರಲ್ಲಿ ಮುಳುಗಿದ, ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವಂತಿಲ್ಲ. ಅದನ್ನು ಮನೆಯಿಂದ ದೂರ ಬಯಲಿನಲ್ಲಿಡಬೇಕು, ಚುಚ್ಚಬಾರದು. ಬೆಂಕಿ ಹತ್ತಿದರೆ ಹೊಗೆ ವಿಷಕಾರಿ. ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಬೇಕು. ಕೋಶಗಳನ್ನು ತಣಿಸಲು ಬೇಕಾದ್ದು ಹೇರಳ ನೀರು. ಆರಿದಂತೆ ಕಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು.

ವಿದೇಶದಲ್ಲಿರುವ ಮಕ್ಕಳು ಊರಿನ ತೋಟಕ್ಕೆಂದು ಇಂಥ ಯಂತ್ರ ತರುವುದಿದೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಷ್ಟೇ ಒಯ್ಯಬಹುದು: 100 ವ್ಯಾಟ್ ಗಂಟೆಯವರೆಗಿನದಕ್ಕೆ ಸಾಮಾನ್ಯವಾಗಿ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಹೆಚ್ಚಿನದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಅಮೆರಿಕದ ಚಾರ್ಜರ್ 120 ವೋಲ್ಟಿಗೆ ಮಾತ್ರ ಮಾಡಿದ್ದಾದರೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದೊಡನೆ ಸುಟ್ಟುಹೋಗುತ್ತದೆ. ಅದರ ಮೇಲಿನ ಬರಹ ಓದದೆ ಪ್ಲಗ್ ಬದಲಿಸಬಾರದು.

ಆಯಸ್ಸು ಮುಗಿದ ಬ್ಯಾಟರಿಯನ್ನು ತಿಪ್ಪೆಗೆ, ಗುಜರಿಗೆ, ಒಲೆಗೆ ಹಾಕುವುದು ಅಪಾಯ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಸೇರಿಸುವ ಹೊಣೆ ತಯಾರಕರದು, ಮನೆಯ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಒಪ್ಪಿಸುವ ಹೊಣೆ ಬಳಕೆದಾರರದು. ತುದಿಗಳಿಗೆ ಟೇಪು ಸುತ್ತಿ, ಕೊಂಡ ಅಂಗಡಿಗೆ ಅಥವಾ ಅಧಿಕೃತ ಸಂಗ್ರಹ ಕೇಂದ್ರಕ್ಕೆ ತಲುಪಿಸಬೇಕು.